ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ?

(ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಶಾಲೆಗಳ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಹೊಲಮನೆಯ ಕೆಲಸ ಬಿಟ್ಟು, ಒಂದು ದಿನದ ಕೂಲಿ ಕಳೆದುಕೊಂಡು ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಪೀಠಿಕೆಯಲ್ಲಿ ಹೊತ್ತು ಕಳೆಯದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಕನ್ನಡ ಶಾಲೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಗುರುಗಳೆ, ಕನ್ನಡ ಸಾಲಿ ಕಲಿತ್ರ ನೌಕರಿ ಎಲ್ಲಿ ಸಿಗ್ತದ್ರಿ?” ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ, ಸುಮ್ಮನೆ ಟಿ.ಸಿ. ತೆಗೆದುಕೊಂಡು ಹೋಗುತ್ತಾರೆ. ಹೀಗೆ ಎಂಟು ಮಕ್ಕಳು, ಹತ್ತು ಮಕ್ಕಳು ಹೋದರೆ ಪಟಸಂಖ್ಯೆ ಇಳಿಯುತ್ತದೆ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ. ಹುದ್ದೆ ಹೋದ ಶಾಲೆಯಲ್ಲಿ ಉಳಿದ ಮಕ್ಕಳಿಗೂ ಪಾಠ ಸರಿಯಾಗಿ ನಡೆಯುವುದಿಲ್ಲ. ಮರುವರ್ಷ ಅವರೂ ಹೋಗುತ್ತಾರೆ.

ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಕೇಳುವವರು ಬೇಕಾಬಿಟ್ಟಿ ಕೇಳುತ್ತಿಲ್ಲ. ಒಬ್ಬರ ಮಾವ ಸೊಲ್ಲಾಪುರದ ಗಿರಣಿಯಲ್ಲಿದ್ದು ಬರಿಗೈಲಿ ಊರಿಗೆ ಬಂದವರು. ಇನ್ನೊಬ್ಬರ ಮಗ ಪುಣೆಯ ಕಂಪನಿಯಿಂದ 2020ರ ಲಾಕ್‌ಡೌನಿನಲ್ಲಿ ಬಂದವನು ತಿರುಗಿ ಕರೆ ಬಾರದೆ ಕುಳಿತವನು. ಕೆಲಸ ಹೋದ ಮನೆಯ ಸಂಕಟವನ್ನು ಕಂಡವರು ತಮ್ಮ ಮಗುವಿಗೆ ಅದು ಬಾರದಿರಲೆಂದು ಬಯಸುವುದು ಸಹಜ. ಮಾಧ್ಯಮವನ್ನು ಆರಿಸುವ ಹಕ್ಕೂ ತಮ್ಮದೇ. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಆರಿಸುವ ಮುಂಚೆ ಒಂದು ವಿಚಾರ ಮಾಡಬೇಕು. ನಮ್ಮ ಭಾಗದಲ್ಲಿ ಕೆಲಸಗಳು ಹೋದದ್ದು ಯಾವುದರಿಂದ? ಕನ್ನಡದಿಂದಲೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನಮ್ಮ ಹಿರಿಯರದು. ನಾವು ಬರೆ ಹಾಕುತ್ತಿರುವುದು ಜ್ವರ ಬಂದ ಎತ್ತಿಗೋ, ಪಕ್ಕದಲ್ಲಿ ಕಟ್ಟಿದ ಎಮ್ಮೆಗೋ ಎಂಬುದನ್ನು ಇಂದು ಸ್ವಲ್ಪ ನೋಡೋಣ.

ಗಿರಣಿಗಳು ಮುಚ್ಚಿದ್ದು ಹೇಗೆ

ನಮ್ಮ ಭಾಗಕ್ಕೆ ದುಡಿಮೆಯ ಊರೆಂದರೆ ಮೊದಲಿನಿಂದಲೂ ಸೊಲ್ಲಾಪುರ. 1870ರ ದಶಕದಲ್ಲಿ ಅಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಹುಟ್ಟಿತು. ಮುಂದೆ ನರಸಿಂಗಗಿರ್ಜಿ ಗಿರಣಿ, ಲಕ್ಷ್ಮೀ ಗಿರಣಿ, ವಿಷ್ಣು ಗಿರಣಿ ಬಂದವು. ಭೋಂಗಾ ಕೂಗಿದರೆ ಊರು ಏಳುತ್ತಿತ್ತು, ಭೋಂಗಾ ಕೂಗಿದರೆ ಊರು ಉಣ್ಣುತ್ತಿತ್ತು. ಕನ್ನಡದವರು, ಮರಾಠಿಯವರು, ತೆಲುಗು ಪದ್ಮಶಾಲಿಗಳು, ಉರ್ದು ಮಾತನಾಡುವವರು, ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಆ ಮೊದಲ ಗಿರಣಿ, ಅಂದರೆ ಸೊಲ್ಲಾಪುರ ಸ್ಪಿನಿಂಗ್ ಅಂಡ್ ವೀವಿಂಗ್ ಕಂಪನಿ, 1949ರಲ್ಲಿಯೇ ಒಮ್ಮೆ ಬಾಗಿಲು ಹಾಕಿತು. ಸಾವಿರಾರು ಜನ ಬೀದಿಗೆ ಬಿದ್ದರು. ಕೇಂದ್ರ ಸರಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಆ ಗಿರಣಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಹೊಸ ಸಂವಿಧಾನದ ಅಡಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೋದ ಮೊದಮೊದಲ ವ್ಯಾಜ್ಯಗಳಲ್ಲಿ ಈ ಗಿರಣಿಯದೂ ಒಂದು. ಗಿರಣಿ ನಿಲ್ಲಲು ಕಾರಣ ಆಡಳಿತದ ದೋಷವೆಂದು ಸರಕಾರ ಬರೆಯಿತು. ಕಾಮಗಾರರ ಭಾಷೆಯ ಮಾತು ಅಲ್ಲಿ ಎಲ್ಲಿಯೂ ಇರಲಿಲ್ಲ.

ಸರಕಾರದ ಕೈ ಹಿಡಿದರೂ ಗಿರಣಿಗಳು ಉಳಿಯಲಿಲ್ಲ. ಶತಮಾನ ತಿರುಗುವ ಹೊತ್ತಿಗೆ ಸೊಲ್ಲಾಪುರದ ಹಳೆಯ ದೊಡ್ಡ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತಿತು. ಮುಂಬಯಿಯಲ್ಲಿ 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದರು. ಅವರಲ್ಲಿ ಬಹಳ ಜನ ತಿರುಗಿ ಕೆಲಸಕ್ಕೆ ಹೋಗಲೇ ಇಲ್ಲ. ಅವರಲ್ಲಿ ಹೆಚ್ಚಿನವರು ಕೊಂಕಣದ, ಘಟ್ಟದ ಮೇಲಿನ ಮರಾಠಿ ಜನ. ರಾಜ್ಯದ ಭಾಷೆ ಅವರ ತಾಯಿನುಡಿ. ಅದು ಅವರ ಕೆಲಸ ಉಳಿಸಲಿಲ್ಲ.

ಹಾಗಾದರೆ ಕಾರಣವೇನು? ಒಂದು, ಹಳೆಯ ಯಂತ್ರ. ಮಾಲಕರು ಲಾಭವನ್ನು ಬೇರೆ ಕಡೆ ಹಾಕಿದರೇ ಹೊರತು ಹೊಸ ಯಂತ್ರಕ್ಕೆ ಹಾಕಲಿಲ್ಲ. ಎರಡು, ವಿದ್ಯುತ್ ಮಗ್ಗ. ಗಿರಣಿಯ ಪಗಾರ, ಪಿ.ಎಫ್., ರಜೆ ಇವುಗಳ ಖರ್ಚಿಲ್ಲದೆ ಸಣ್ಣ ಶೆಡ್ಡುಗಳಲ್ಲಿ ಅದೇ ಬಟ್ಟೆ ಅಗ್ಗವಾಗಿ ನೇಯಲ್ಪಟ್ಟಿತು. ಮೂರು, ಪಾಲಿಸ್ಟರ್ ಬಂದು ಹತ್ತಿಯ ಬಟ್ಟೆಗೆ ಗಿರಾಕಿ ಕಡಿಮೆಯಾಯಿತು. ನಾಲ್ಕು, ಬ್ಯಾಂಕುಗಳ ಸಾಲ. ಐದು, ಊರು ಬೆಳೆದು ಗಿರಣಿಯ ಒಳಗಿನ ನೂಲಿಗಿಂತ ಅದರ ಅಡಿಯ ನೆಲಕ್ಕೇ ಹೆಚ್ಚು ಬೆಲೆ ಬಂತು. ಈ ಐದರಲ್ಲಿ ಶಾಲೆಯ ಮಾಧ್ಯಮ ಎಲ್ಲಿದೆ? ತಾವೇ ಹೇಳಬೇಕು.

ಗಡಿಯ ಆಚೆ ಈಚೆ

“ಗುರುಗಳೆ, ನಾವು ಮಹಾರಾಷ್ಟ್ರದಲ್ಲಿ ಉಳಿದದ್ದಕ್ಕೆ ಹೀಗಾಯಿತು, ಕರ್ನಾಟಕದಲ್ಲಿದ್ದರೆ ಬೇರೆ ಇತ್ತು” ಎನ್ನುವವರೂ ಇದ್ದಾರೆ. ನಿಜ, 1956ರ ನವೆಂಬರ್ 1ರವರೆಗೆ ನಾವೆಲ್ಲ ಹೈದರಾಬಾದ ರಾಜ್ಯದವರು. ಉದಗೀರ, ನಿಲಂಗಾ ಆಗ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಆ ಕಡೆ ಹೋಯಿತು, ಈ ತಾಲೂಕುಗಳು ಈ ಕಡೆ ಬಂದವು. ಆದರೆ ಆ ಕಡೆಯನ್ನೂ ನೋಡಿ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಮುಚ್ಚಿ ಇಂದು ಅದು ಬರಿಯ ಬಡಾವಣೆಯ ಹೆಸರಾಗಿ ಉಳಿದಿದೆ. ಶಹಾಬಾದದ ಎ.ಸಿ.ಸಿ. ಸಿಮೆಂಟ್ ಕಾರ್ಖಾನೆ ನಿಂತುಹೋಯಿತು. ಹುಮನಾಬಾದ ಬಳಿಯ ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಹಲವು ಹಂಗಾಮು ಕಬ್ಬು ಅರೆಯಲಿಲ್ಲ. ಕನ್ನಡದ ನಡುನಾಡಿನ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಅಲ್ಲಿಯ ಹತ್ತಿ ಗಿರಣಿಗಳೂ ಮುಚ್ಚಿದವು. ಕೈಗಡಿಯಾರಕ್ಕೆ ದೇಶಕ್ಕೇ ಹೆಸರಾದ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರ ಜನವರಿಯಲ್ಲಿ ನಿರ್ಧರಿಸಿತು.

“ಹಾಗಾದರೆ ಇಂಗ್ಲಿಷೇ ಗತಿ” ಎನ್ನಬಹುದು. ಇಂಗ್ಲಿಷಿನ ಊರನ್ನೂ ನೋಡೋಣ. ಕೋಲಾರದ ಚಿನ್ನದ ಗಣಿಯ ಊರಿಗೆ ಬ್ರಿಟಿಷರ ಕಾಲದಿಂದ ಪುಟ್ಟ ಇಂಗ್ಲೆಂಡ್ ಎಂಬ ಹೆಸರಿತ್ತು. ಅಲ್ಲಿ ಇಂಗ್ಲಿಷ್ ಶಾಲೆಗಳಿಗೆ ಕೊರತೆ ಇರಲಿಲ್ಲ. 2001ರ ಫೆಬ್ರುವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅದಾದ ಮೇಲೆ ಅಲ್ಲಿಯ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆಗೆ ಬರುವ ಬದುಕಿಗೆ ಬಿದ್ದರು. ಇನ್ನು ನಿಜವಾದ ಮ್ಯಾಂಚೆಸ್ಟರ್ ಇಂಗ್ಲೆಂಡಿನಲ್ಲಿದೆ. ಒಂದು ಕಾಲಕ್ಕೆ ಜಗತ್ತಿಗೆಲ್ಲ ಬಟ್ಟೆ ಮಾರಿದ ಸೀಮೆ ಅದು. 1958ರ ಹೊತ್ತಿಗೆ ಆ ದೇಶ ಹೊರಗೆ ಮಾರುವ ಹತ್ತಿ ಬಟ್ಟೆಗಿಂತ ಹೊರಗಿನಿಂದ ಕೊಳ್ಳುವುದೇ ಹೆಚ್ಚಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವು. ಅಲ್ಲಿಯ ಕಾಮಗಾರರಿಗೆ ಇಂಗ್ಲಿಷ್ ತಾಯಿಯ ಹಾಲಿನೊಂದಿಗೆ ಬಂದದ್ದು. ಅವರಷ್ಟು ಇಂಗ್ಲಿಷ್ ನಮ್ಮ ಯಾವ ಕಾನ್ವೆಂಟಿನ ಮಗುವಿಗೂ ಬಾರದು. ಆದರೂ ಅವರ ಕೆಲಸ ಹೋಯಿತು.

ಸೊಲ್ಲಾಪುರ, ದಾವಣಗೆರೆ, ಮ್ಯಾಂಚೆಸ್ಟರ್. ಮೂರು ಊರು, ಮೂರು ಭಾಷೆ. ಮುಚ್ಚಿದ ಬಾಗಿಲು ಮಾತ್ರ ಒಂದೇ ತೆರ. ಕಾರ್ಖಾನೆ ಮುಚ್ಚುವಾಗ ಯಾರ ಮಗು ಯಾವ ಮಾಧ್ಯಮದಲ್ಲಿ ಕಲಿಯುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮದೇ ಅಂಗಳದಲ್ಲಿ

ದೂರದ ಮಾತು ಬಿಡಿ. ನಮ್ಮ ಹತ್ತಿರದ ಕಾರ್ಖಾನೆಯೆಂದರೆ ಸಕ್ಕರೆಯದು. ನಿಲಂಗಾ ತಾಲೂಕಿನ ಅಂಬುಲಗಾ, ಔಸಾ ತಾಲೂಕಿನ ಕಿಲ್ಲಾರಿ, ಢೋಕಿಯ ತೇರಣಾ, ಈ ಸಹಕಾರಿ ಕಾರ್ಖಾನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿದ್ದನ್ನು ತಾವೆಲ್ಲ ಕಂಡಿದ್ದೀರಿ. ಮುಂದೆ ಮತ್ತೆ ಹೊಗೆ ಎದ್ದರೂ ನಡುವಿನ ಆ ವರ್ಷಗಳು ಕಾಮಗಾರರ ಮನೆಗೆ ತಿರುಗಿ ಬರಲಿಲ್ಲ. ಅಲ್ಲಿ ಸಾಲ ಇತ್ತು, ಆಡಳಿತದ ತೊಂದರೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಕೊರತೆ ಇತ್ತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಕುಡಿಯಲಿಕ್ಕೇ ನೀರಿಲ್ಲದ ಸೀಮೆಯಲ್ಲಿ ಕಬ್ಬು ಎಲ್ಲಿಂದ ಬರಬೇಕು, ಕಬ್ಬಿಲ್ಲದ ಮೇಲೆ ಗಾಣ ಹೇಗೆ ತಿರುಗಬೇಕು?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆಯಲ್ಲಿ ಭೂಕಂಪವಾದಾಗ ದೇಶದ ಮೂಲೆ ಮೂಲೆಯಿಂದ ಅಕ್ಕಿ, ಬಟ್ಟೆ, ಡಾಕ್ಟರರು, ಇಟ್ಟಿಗೆ, ಸಿಮೆಂಟು ಬಂದವು. ಕಾರ್ಖಾನೆ ನಿಂತಾಗ ಯಾರೂ ಬರುವುದಿಲ್ಲ. ಗೋಡೆ ಬೀಳುವುದಿಲ್ಲ, ಸದ್ದಾಗುವುದಿಲ್ಲ. ಮೊದಲು ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ. ಆಮೇಲೆ ತಾಯಿಯ ಕೊರಳ ಗುಂಡು ಒತ್ತೆ ಹೋಗುತ್ತದೆ. ಆಮೇಲೆ ಹಿರಿಯ ಮಗಳ ಶಾಲೆ ಬಿಡಿಸುತ್ತಾರೆ. ಆಮೇಲೆ ದಸರಾ ಮುಗಿಯುತ್ತಲೇ ಮುಕಾದಮನ ಉಚಲು ಹಣ ಮನೆಗೆ ಬರುತ್ತದೆ. ಗಂಡ ಹೆಂಡತಿ ಒಂದು ಕೋಯ್ತಾ ಎಂದು ಲೆಕ್ಕವಾಗಿ ಕಬ್ಬಿನ ಫಡಕ್ಕೆ ಹೊರಡುತ್ತಾರೆ. ಮಗು ಜೊತೆಗೆ ಹೋಗುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಅಕ್ಟೋಬರಿನಿಂದ ಮಾರ್ಚಿನವರೆಗೆ ಸೊನ್ನೆಗಳ ಸಾಲು ಬೀಳುತ್ತದೆ. ಈಗ ಕಬ್ಬು ಕಡಿಯುವ ಯಂತ್ರಗಳೂ ಹೊಲಕ್ಕೆ ಇಳಿದಿವೆ. ಆ ಕೋಯ್ತಾ ಕೂಡ ಎಷ್ಟು ವರ್ಷ ಉಳಿದೀತು?

ಬಂಧುಗಳೆ, ಕೆಲಸ ಹೋದ ಮನೆಯಲ್ಲಿ ನಿಜವಾದ ನಷ್ಟ ಇಲ್ಲಿ ಆಗುತ್ತದೆ. ತಂದೆಯ ಕೆಲಸ ಹೋದರೆ ಒಂದು ತಲೆಮಾರಿನ ಅನ್ನಕ್ಕೆ ಕಷ್ಟ. ಅದಕ್ಕಾಗಿ ಮಗುವಿನ ಶಾಲೆ ಮುರಿದರೆ ಎರಡನೆಯ ತಲೆಮಾರಿಗೂ ಅದೇ ಕಷ್ಟ.

ಓದು ಕಾಪಾಡುವುದು ಎಷ್ಟನ್ನು

ಶಾಲೆಯ ಓದು ಕಾರ್ಖಾನೆ ಮುಚ್ಚುವುದನ್ನು ತಡೆಯಲಾರದು. ಆ ಭರವಸೆಯನ್ನು ಯಾವ ಮಾಧ್ಯಮದ ಯಾವ ಶಿಕ್ಷಕನೂ ಕೊಡಲಾರ. ಆದರೆ ಬಾಗಿಲು ಮುಚ್ಚಿದ ದಿನ ಇಬ್ಬರು ಹೊರಗೆ ಬರುತ್ತಾರೆಂದು ಇಟ್ಟುಕೊಳ್ಳಿ. ಒಬ್ಬನಿಗೆ ನೋಟೀಸು ಓದಲು ಬರುತ್ತದೆ, ಹದಿನೈದು ದಿನದ ಪಗಾರದಂತೆ ಹನ್ನೊಂದು ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಲು ಬರುತ್ತದೆ, ಅರ್ಜಿ ಬರೆಯಲು ಬರುತ್ತದೆ, ಹೊಸ ಯಂತ್ರದ ಪುಸ್ತಕ ಕೊಟ್ಟರೆ ತಿಳಿದುಕೊಳ್ಳುವ ಧೈರ್ಯವಿದೆ. ಇನ್ನೊಬ್ಬ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ, ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಾನೆ. ಮೊದಲನೆಯವನ ಕಷ್ಟವೂ ಕಷ್ಟವೇ. ಆದರೆ ಅವನಿಗೆ ಎರಡನೆಯ ಬಾಗಿಲು ಬಡಿಯುವ ಶಕ್ತಿ ಇರುತ್ತದೆ.

ಈ ಶಕ್ತಿ ಎಲ್ಲಿಂದ ಬರುತ್ತದೆ? ಮೊದಲ ನಾಲ್ಕೈದು ವರ್ಷಗಳಲ್ಲಿ ಓದಿದ್ದು ಅರ್ಥವಾಗುವುದರಿಂದ, ಲೆಕ್ಕದ ಹಿಂದಿನ ತರ್ಕ ತಿಳಿಯುವುದರಿಂದ ಬರುತ್ತದೆ. ಮನೆಯಲ್ಲಿ ಅವ್ವ ಆಡುವ ಭಾಷೆಯಲ್ಲಿ ಇದು ಬೇಗ ನೆಲೆಗೊಳ್ಳುತ್ತದೆ. ಯುನೆಸ್ಕೋ ಸಂಸ್ಥೆ 1953ರಲ್ಲಿಯೇ ಇದನ್ನು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಯ ಭಾಷೆಯಲ್ಲೇ ಕಲಿಸಬೇಕೆಂದಿತು. ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗು ಎಂಟನೆಯ ತರಗತಿಗೆ ಬರುವಾಗ ಎರಡೂ ಕಡೆ ಕಚ್ಚಾ ಉಳಿಯುವುದನ್ನು ವರ್ಗದಲ್ಲಿ ನಾವು ಕಾಣುತ್ತೇವೆ.

ಹಾಗೆಂದು ಕನ್ನಡವೊಂದೇ ಸಾಕು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ತಮ್ಮ ಮಕ್ಕಳಿಗೆ ಅನ್ಯಾಯ ಮಾಡಿದಂತೆ. ಈ ರಾಜ್ಯದಲ್ಲಿ ಪೊಲೀಸ್ ಭರತಿಯಾಗಲಿ, ತಲಾಠಿ ಪರೀಕ್ಷೆಯಾಗಲಿ, ಕಚೇರಿಯ ಕಾಗದವಾಗಲಿ ಮರಾಠಿಯಲ್ಲಿ ನಡೆಯುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ. ಇದನ್ನು ಹೊರೆಯೆಂದು ತಿಳಿಯಬೇಡಿ. ನಮ್ಮ ಮಗು ಕನ್ನಡದಲ್ಲಿ ಯೋಚಿಸಲು, ಮರಾಠಿಯಲ್ಲಿ ತಪ್ಪಿಲ್ಲದೆ ಅರ್ಜಿ ಬರೆಯಲು, ಇಂಗ್ಲಿಷಿನಲ್ಲಿ ಯಂತ್ರದ ಮೇಲಿನ ಸೂಚನೆ ಓದಲು ಕಲಿಯಬೇಕು. ಪುಣೆಗೆ ಹೋದರೂ ಹೈದರಾಬಾದಿಗೆ ಹೋದರೂ ಹಿಂದಿ ತಾನಾಗಿ ನಾಲಿಗೆಗೆ ಬರುತ್ತದೆ. ಗಡಿಯಲ್ಲಿ ಹುಟ್ಟಿದ್ದರಿಂದ ನಮಗೆ ಸಿಕ್ಕ ಲಾಭ ಇದೊಂದು. ಬೀದರಿನ ಆಸ್ಪತ್ರೆಯಲ್ಲೂ ಲಾತೂರಿನ ಆಸ್ಪತ್ರೆಯಲ್ಲೂ ರೋಗಿಯ ಮಾತು ತಿಳಿಯಬಲ್ಲ ನರ್ಸು ನಮ್ಮ ಮಗಳೇ ಆಗಬಲ್ಲಳು.

ತಮ್ಮ ದೂರು ಸರಿಯಾಗಿರುವ ಕಡೆಯನ್ನೂ ಹೇಳಿಬಿಡುತ್ತೇನೆ. ಕನ್ನಡ ಶಾಲೆಗಳಲ್ಲಿ ಶಿಕ್ಷಕರು ನಿವೃತ್ತರಾದರೆ ಆ ಜಾಗ ತುಂಬಲು ವರ್ಷಗಳು ಹಿಡಿಯುತ್ತವೆ. ಹತ್ತನೆಯದರ ನಂತರ ಕನ್ನಡದಲ್ಲಿ ಮುಂದುವರಿಯುವ ದಾರಿ ಬಹಳ ಕಿರಿದು. ಇದರ ಮದ್ದು ಮಗುವನ್ನು ಶಾಲೆಯಿಂದ ತೆಗೆಯುವುದರಲ್ಲಿಲ್ಲ. ಶಾಲೆಗೆ ಸಲ್ಲಬೇಕಾದ್ದನ್ನು ಕೇಳಿ ಪಡೆಯುವುದರಲ್ಲಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕೊಡಲು ರಾಜ್ಯಗಳು ಶ್ರಮಿಸಬೇಕೆನ್ನುತ್ತದೆ. 350ಬಿ ವಿಧಿ ಅದನ್ನು ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಖಾಲಿ ಹುದ್ದೆಯ ಬಗ್ಗೆ ಠರಾವು ಮಾಡಿ ಜಿಲ್ಲಾ ಪರಿಷತ್ತಿಗೆ ಕಳುಹಿಸುವ ಅಧಿಕಾರ ತಮ್ಮ ಕೈಯಲ್ಲಿದೆ. ಒಬ್ಬ ಶಿಕ್ಷಕ ಬರೆದ ಪತ್ರಕ್ಕಿಂತ ಐವತ್ತು ಪಾಲಕರ ಸಹಿಗೆ ತೂಕ ಹೆಚ್ಚು.

ಹಾಗೆಯೇ ಉದ್ಯೋಗದ ವಿಷಯದಲ್ಲೂ ಕೇಳಬೇಕಾದ್ದಿದೆ. ಹಳೆಯ ಹೈದರಾಬಾದ ರಾಜ್ಯದ ಕನ್ನಡ ಜಿಲ್ಲೆಗಳಿಗೆ 2013ರಲ್ಲಿ ಸಂವಿಧಾನದ 371ಜೆ ವಿಧಿ ಬಂತು. ಬೀದರ, ಕಲಬುರಗಿಯ ಮಕ್ಕಳಿಗೆ ಅದರಿಂದ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಹಳ್ಳದ ಈ ದಂಡೆಯ ನಮ್ಮ ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಈ ಕಡೆ ಮರಾಠವಾಡಾ ಅಭಿವೃದ್ಧಿ ಮಂಡಳಿ 1994ರಲ್ಲಿ ಬಂದಿತ್ತು, ಅದರ ಅವಧಿ 2020ರ ಏಪ್ರಿಲ್ 30ಕ್ಕೆ ಮುಗಿಯಿತು. ಮರಾಠವಾಡಾದ ಹಿಂದುಳಿದಿರುವಿಕೆ ಮರಾಠಿ ಮನೆಗೂ ಕನ್ನಡ ಮನೆಗೂ ಒಂದೇ. ಆದ್ದರಿಂದ ಇದನ್ನು ನೆರೆಯ ಮರಾಠಿ ಬಂಧುಗಳ ಜೊತೆ ಹೆಗಲು ಕೊಟ್ಟು ಕೇಳೋಣ. ನೀರು, ರಸ್ತೆ, ಕಾರ್ಖಾನೆ, ಇವು ಎರಡೂ ಭಾಷೆಯ ಹೊಟ್ಟೆಯ ಪ್ರಶ್ನೆ.

ಮನೆಯಲ್ಲಿ ಮಾಡಬೇಕಾದ್ದು

ಇನ್ನು ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ದುಡಿಯುವವರ ಕಾಗದಪತ್ರ. ದೇಶದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಕೆಲಸಕ್ಕೆ ಇಟ್ಟುಕೊಂಡವರು ನೇಮಕಾತಿ ಪತ್ರ ಕೊಡಬೇಕು. ಕಾರ್ಖಾನೆಯಲ್ಲಿ ಒಂದು ವರ್ಷ ಸತತ ದುಡಿದವನನ್ನು ಹೆಚ್ಚುವರಿ ಎಂದು ತೆಗೆಯುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ಪಗಾರ, ಜೊತೆಗೆ ಪೂರ್ತಿ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ಪಗಾರ ಕೊಡಬೇಕು. ಹೊಸ ಕಸುಬು ಕಲಿಯಲೆಂದು ಇನ್ನೂ ಹದಿನೈದು ದಿನದ ಪಗಾರ ಒಂದು ನಿಧಿಯ ಮೂಲಕ ಅವನ ಖಾತೆಗೆ ಬರಬೇಕು. ಐದು ವರ್ಷ ದುಡಿದವನಿಗೆ ಗ್ರಾಚ್ಯುಟಿ ಉಂಟು. ಇಂತಿಷ್ಟು ಅವಧಿಗೆಂದು ಕರಾರಿನ ಮೇಲೆ ಸೇರಿದವನಿಗೆ ಒಂದೇ ವರ್ಷಕ್ಕೆ ಆ ಹಕ್ಕು ಬರುತ್ತದೆ. ಇನ್ನೊಂದು ಬದಲಾವಣೆ ನಮಗೆ ಅನುಕೂಲವಾದದ್ದಲ್ಲ. ಕಾರ್ಖಾನೆ ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ ನೂರು ಜನರಿದ್ದ ಕಾರ್ಖಾನೆಗೂ ಇತ್ತು. ಈಗ ಅದು ಮುನ್ನೂರಕ್ಕೆ ಏರಿದೆ. ಸಣ್ಣ ಕಾರ್ಖಾನೆಯಲ್ಲಿ ದುಡಿಯುವವರು ಅಷ್ಟು ಹೆಚ್ಚು ಎಚ್ಚರದಿಂದಿರಬೇಕು. ಆದ್ದರಿಂದ ನೇಮಕಾತಿ ಪತ್ರ, ಪಗಾರದ ಚೀಟಿ, ಹಾಜರಿ ಕಾರ್ಡು, ಪಿ.ಎಫ್. ನಂಬರು, ಇವುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮನೆಯಲ್ಲಿ ಇಡಿ. ದುಡಿದದ್ದಕ್ಕೆ ಕಾಗದವಿಲ್ಲದಿದ್ದರೆ ಹಕ್ಕು ಸಾಧಿಸುವುದು ಕಷ್ಟ. ಓದಲು ಬಾರದಿದ್ದರೆ ತಮ್ಮ ಏಳನೆಯ ತರಗತಿಯ ಮಗಳ ಕೈಗೆ ಕೊಡಿ, ಓದಿ ಹೇಳುತ್ತಾಳೆ. ಅದಕ್ಕೇ ಅಲ್ಲವೇ ಅವಳನ್ನು ಶಾಲೆಗೆ ಕಳಿಸಿದ್ದು?

ಎರಡನೆಯದು, ಹಂಗಾಮಿಗೆ ಹೋಗುವವರು. ಕಬ್ಬು ಕಡಿಯಲು ಹೋಗುವ ಮನೆಯ ಮಕ್ಕಳಿಗಾಗಿ ಈ ರಾಜ್ಯದಲ್ಲಿ ಹಂಗಾಮಿ ವಸತಿಗೃಹದ ಯೋಜನೆ ಇದೆ. ದಸರೆಗೆ ಮುಂಚೆಯೇ ಮುಖ್ಯಾಧ್ಯಾಪಕರಿಗೆ ತಿಳಿಸಿದರೆ ಅವರು ಬೇಡಿಕೆ ಕಳಿಸಬಹುದು. ಹೊರಟ ಮೇಲೆ ತಿಳಿಸಿದರೆ ಏನೂ ಮಾಡಲಾಗದು. ಅಜ್ಜಿಯ ಮನೆಯಲ್ಲಾದರೂ ಬಿಟ್ಟು ಹೋಗಿ. ಬಿಡಲು ಆಗದೇ ಇದ್ದರೆ ಹೋದ ಊರಿನ ಶಾಲೆಗೆ ಸೇರಿಸಿ. ಟಿ.ಸಿ. ಇನ್ನೂ ಬಂದಿಲ್ಲವೆಂದು ಅಲ್ಲಿ ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ, ಅದು ಶಿಕ್ಷಣ ಹಕ್ಕು ಕಾಯ್ದೆಯ ಮಾತು.

ಮೂರನೆಯದು, ಮಕ್ಕಳ ದಾಖಲೆ. ಶಾಲೆಯ ರಜಿಸ್ಟರಿನಲ್ಲಿ ಮಾತೃಭಾಷೆಯ ಜಾಗದಲ್ಲಿ ಕನ್ನಡ ಎಂದು ಬರೆಸಿ. ಹೆಸರು, ಹುಟ್ಟಿದ ತಾರೀಖು ಆಧಾರ ಕಾರ್ಡಿಗೂ ಶಾಲೆಗೂ ಒಂದೇ ಇರಲಿ. ಕನ್ನಡ ಮಾಧ್ಯಮದಲ್ಲಿ ಎಷ್ಟು ವರ್ಷ ಓದಿದ್ದಾನೆಂಬ ಪ್ರಮಾಣಪತ್ರವನ್ನು ಪ್ರತಿ ಶಾಲೆ ಬಿಡುವಾಗ ತಪ್ಪದೆ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ವೃತ್ತಿ ಶಿಕ್ಷಣದ ಪ್ರವೇಶಕ್ಕೆ ಗಡಿನಾಡು, ಹೊರನಾಡು ಕನ್ನಡಿಗರಿಗೆ ಅವಕಾಶವಿದೆ. ಅದರ ಷರತ್ತುಗಳನ್ನು ಅರ್ಜಿ ಹಾಕುವ ವರ್ಷದ ಪುಸ್ತಿಕೆಯಲ್ಲಿ ಓದಿಯೇ ಮುಂದುವರಿಯಬೇಕು. ಆಗ ಈ ಕಾಗದಗಳೇ ಕೈ ಹಿಡಿಯುತ್ತವೆ.

ನಾಲ್ಕನೆಯದು, ಹತ್ತನೆಯದರ ನಂತರದ ದಾರಿ. ಹತ್ತು ಮುಗಿಸಿದವರೆಲ್ಲ ಬಿ.ಎ. ಮಾಡಬೇಕೆಂದಿಲ್ಲ. ಐ.ಟಿ.ಐ.ಯಲ್ಲಿ ಫಿಟ್ಟರ್, ವೆಲ್ಡರ್, ಇಲೆಕ್ಟ್ರೀಶಿಯನ್, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ, ಹೆಣ್ಣುಮಕ್ಕಳಿಗೆ ನರ್ಸಿಂಗ್, ಇವು ಒಂದು ಕಾರ್ಖಾನೆ ಮುಚ್ಚಿದರೆ ಇನ್ನೊಂದಕ್ಕೆ ಒಯ್ಯಬಲ್ಲ ಕಸುಬುಗಳು. ಲಾತೂರಿನಲ್ಲಿ ರೈಲು ಬೋಗಿ ಕಾರ್ಖಾನೆಗೆ 2018ರ ಮಾರ್ಚಿನಲ್ಲಿ ಅಡಿಗಲ್ಲು ಹಾಕಿದರು. ಅಂಥ ಕಾರ್ಖಾನೆಯ ಬಾಗಿಲಿಗೆ ನಮ್ಮ ಹುಡುಗ ಹೋದಾಗ ಅಲ್ಲಿ ಕೇಳುವುದು “ಯಾವ ಕಸುಬು ಬರುತ್ತದೆ” ಎಂದು. ಆ ಪ್ರಶ್ನೆಗೆ ಉತ್ತರ ಅವನ ಕೈಯಲ್ಲಿರಬೇಕು. ಒಂದೇ ಗಿರಣಿಯ ಒಂದೇ ಮಗ್ಗವನ್ನು ಮೂವತ್ತು ವರ್ಷ ನಂಬಿ ಬದುಕುವ ಕಾಲ ಮುಗಿಯಿತು. ಕಸುಬು ಬದಲಾದಾಗ ಕಲಿಯಬಲ್ಲ ಮನಸ್ಸೇ ಈಗಿನ ಆಸ್ತಿ.

ಐದನೆಯದು, ದಿನಕ್ಕೆ ಅರ್ಧ ಗಂಟೆ. ರಾತ್ರಿ ಊಟದ ಮೊದಲು ಮಗುವಿನಿಂದ ಒಂದು ಪುಟ ಕನ್ನಡ, ಒಂದು ಪುಟ ಮರಾಠಿ ಗಟ್ಟಿಯಾಗಿ ಓದಿಸಿ. ತಮಗೆ ಅಕ್ಷರ ಬಾರದಿದ್ದರೂ ತಡವರಿಸುವುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಮರುದಿನ ಬಂದು ನಮ್ಮನ್ನು ಕೇಳಿ. ಕೇಳುವುದು ತಮ್ಮ ಹಕ್ಕು, ಉತ್ತರ ಕೊಡುವುದು ನಮ್ಮ ಕೆಲಸ.

ಪಾಲಕ ಬಂಧುಗಳೆ, ಗಿರಣಿಯ ಮಾಲಕರು ಬಾಗಿಲು ಹಾಕಿದಾಗ ತಮ್ಮನ್ನು ಯಾರೂ ಕೇಳಲಿಲ್ಲ. ಸಕ್ಕರೆ ಕಾರ್ಖಾನೆ ನಿಂತಾಗಲೂ ಕೇಳಲಿಲ್ಲ. ಆದರೆ ಕನ್ನಡ ಶಾಲೆಯ ಬಾಗಿಲು ತೆರೆದಿರಬೇಕೋ ಮುಚ್ಚಬೇಕೋ ಎಂಬುದು ತಮ್ಮ ಒಂದು ಸಹಿಯ ಮೇಲಿದೆ. ಊರಿನಲ್ಲಿ ಈಗಾಗಲೇ ಸಾಕಷ್ಟು ಬಾಗಿಲುಗಳು ಮುಚ್ಚಿವೆ. ಬರುವ ಜೂನ್‌ನಲ್ಲಿ ಟಿ.ಸಿ.ಗೆ ಅರ್ಜಿ ಬರೆಯುವ ಮುಂಚೆ ಒಮ್ಮೆ ಶಾಲೆಗೆ ಬನ್ನಿ. ಮಗುವನ್ನು ಮುಂದೆ ಕೂರಿಸಿಕೊಂಡು ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ, ಬಾರದ್ದನ್ನು ಯಾವಾಗ ಕಲಿಸುತ್ತೀರೆಂದು ನಮ್ಮನ್ನು ಕೇಳಿ. ನಮ್ಮ ಉತ್ತರ ತೃಪ್ತಿ ಕೊಡದಿದ್ದರೆ ಆಮೇಲೆ ತಮ್ಮ ತೀರ್ಮಾನ ತಮ್ಮದು.